ಕೆಸರಿನ ಏರಿಗೆ ಕಾರು ಹತ್ತಿಸೋದು: ಅನುಭವಿ ಡ್ರೈವರ್‌ಗಳ ಹತ್ರ ಏನು ಕೇಳ್ಬೇಕು, ಹೇಗೆ ಕಲೀಬೇಕು

ಗಾಡಿ ಪ್ರಶ್ನೋತ್ತರ

ಈ ಸಲ ಇಂಗ್ಲೆಂಡಲ್ಲಿರೋ ನಮ್ಮ ಓದುಗರಿಂದ ಹೆಚ್ಚುಕಮ್ಮಿ ಒಂದೇ ವಿಷಯದ ಮೇಲೆ ಪ್ರಶ್ನೆ ಬಂದಿದೆ, ಅಲ್ಲಿನ ಕಾರ್ ಟ್ರಯಲ್‌ಗಳ ಬಗ್ಗೆ. ಸಕಲೇಶಪುರದಿಂದಲೂ ಒಂದು ಪತ್ರ ಇದೆ. ಅದಕ್ಕೆ ಈ ಬಾರಿ ಮೈಲೇಜು, ಸರ್ವಿಸ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಸರ್, ನಾನು ತುಮಕೂರಿನವನು, ಈಗ ಬ್ರಿಸ್ಟಲ್‌ನಲ್ಲಿ ಕೆಲಸ. ಜನವರಿಯಲ್ಲಿ ಆಫೀಸಿನ ಗೆಳೆಯನ ಜೊತೆ ಎಕ್ಸೆಟರ್ ಟ್ರಯಲ್ ನೋಡೋಕೆ ಡೆವನ್‌ಗೆ ಹೋಗಿದ್ದೆ, ಸಿಮ್ಸ್ ಅನ್ನೋ ಏರಿನ ಪಕ್ಕ ನಿಂತು ನೋಡಿ ತಲೆ ಕೆಟ್ಟುಹೋಯ್ತು, ನಾನೂ ಮಾಡ್ಬೇಕು ಅನ್ನಿಸ್ತಿದೆ. ನನ್ನ ಹತ್ರ ಇರೋದು ಒಂದು ಹಳೇ ಚಿಕ್ಕ ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್. ಅಲ್ಲಿ ಮೂವತ್ತು ನಲವತ್ತು ವರ್ಷದಿಂದ ಓಡಿಸ್ತಿರೋ ಹಿರಿಯರು ಇದ್ರು, ಕೇಳಿದ್ರೆ ನಗ್ತಾರೆ, "ಸುಮ್ನೆ ಹೋಗ್ತಾ ಇರು" ಅಂತಾರೆ ಅಷ್ಟೇ. ಇವರಿಂದ ಕಲಿಯೋದು ಹೇಗೆ?

ಉತ್ತರ: ಗೊತ್ತಿಲ್ಲದ ಓದುಗರಿಗೆ ಮೊದ್ಲು ಸ್ವಲ್ಪ ಹೇಳ್ಬಿಡ್ತೀನಿ. ಟ್ರಯಲ್ ಅಂದ್ರೆ ರೇಸ್ ಅಲ್ಲ. ಶೆಲ್ಸ್ಲಿ ವಾಲ್ಶ್ ಥರದ ಟಾರ್ ರಸ್ತೆ ಹಿಲ್ ಕ್ಲೈಂಬ್ 1905ರಿಂದ ಇದೆ, ಅಲ್ಲಿ ಗಡಿಯಾರದ ವಿರುದ್ಧ ಓಡಿಸ್ತಾರೆ, ಇದು ಅದೂ ಅಲ್ಲ. ಇಲ್ಲಿ ಕೆಸರು, ಬಂಡೆ, ಬೇರು, ಕೊಳೆತ ಎಲೆ ತುಂಬಿದ ಕಡಿದಾದ ಕಾಲುದಾರಿಯಂಥ ಏರನ್ನ ನಿಲ್ಲದೆ, ಹಿಂದೆ ಜಾರದೆ ಮೇಲಕ್ಕೆ ಹತ್ತಿಸ್ಬೇಕು, ಎಷ್ಟು ಬೇಗ ಹತ್ತಿದ್ರಿ ಅನ್ನೋದು ಲೆಕ್ಕಕ್ಕಿಲ್ಲ. ಅಂಥ ಹತ್ತಾರು ಏರುಗಳ ಮಧ್ಯೆ ಮಾಮೂಲಿ ರಸ್ತೆಯಲ್ಲಿ ಮಾಮೂಲಿ ಟ್ರಾಫಿಕ್ ಜೊತೆ ಓಡಿಸ್ಕೊಂಡು ಹೋಗೋದು. ಇದನ್ನ ನಡೆಸೋರಲ್ಲಿ ಹಳಬರು ಅಂದ್ರೆ ಮೋಟಾರ್ ಸೈಕ್ಲಿಂಗ್ ಕ್ಲಬ್, ಚಿಕ್ಕದಾಗಿ ಎಂಸಿಸಿ, 1901ರಲ್ಲಿ ಶುರುವಾಗಿದ್ದು, ಹೆಸರಲ್ಲಿ ಬೈಕ್ ಇದ್ರೂ ಕಾರುಗಳೂ ಓಡ್ತವೆ. ಅವರದ್ದು ಮೂರು ದೊಡ್ಡ ಟ್ರಯಲ್: ಎಡಿನ್‌ಬರಾ 1904ರಿಂದ, ಲ್ಯಾಂಡ್ಸ್ ಎಂಡ್ 1908ರಿಂದ, ನೀವು ನೋಡಿದ ಎಕ್ಸೆಟರ್ 1910ರಿಂದ. ಎಲ್ಲಾ ಏರು ಹತ್ತಿದ್ರೆ ಚಿನ್ನದ ಪದಕ, ಒಂದು ತಪ್ಪಿದ್ರೆ ಬೆಳ್ಳಿ. ಯಾರನ್ನೂ ಸೋಲಿಸೋಕೆ ಇಲ್ಲ, ಏರಿನ ಜೊತೆಗೇ ಸ್ಪರ್ಧೆ, ಅದಕ್ಕೇ ಅಲ್ಲಿ ಹಿರಿಯರು ಕಿರಿಯರಿಗೆ ಹೇಳಿಕೊಡೋಕೆ ಹಿಂದೆಮುಂದೆ ನೋಡಲ್ಲ, ನೀವು ಗೆದ್ರೆ ಅವರ ಪದಕ ಏನೂ ಹೋಗಲ್ಲ.

ಹಾಗಾದ್ರೆ ಯಾಕೆ ನಕ್ಕು ಸುಮ್ನಾದ್ರು? ಮುಚ್ಚಿಡೋಕಲ್ಲ ಸರ್. ಅವರ ವಿದ್ಯೆ ಇರೋದು ಬಲಗಾಲಿನ ಪಾದದಲ್ಲಿ, ಸೀಟಿನಲ್ಲಿ ಕೂತ ಸೊಂಟದಲ್ಲಿ, ಬಾಯಿಗೆ ಅದು ಬರೋದೇ ಇಲ್ಲ. "ಹೇಗೆ ಹತ್ತಿಸ್ತೀರಾ" ಅಂತ ಕೇಳಿದ್ರೆ ಯಾರ ಹತ್ರನೂ ಉತ್ತರ ಇರಲ್ಲ. ಅದೇ "ಆ ಎಡಗಡೆ ಬಂಡೆ ಹತ್ರ ನೀವು ಯಾಕೆ ಆಕ್ಸಿಲರೇಟರ್ ಬಿಟ್ರಿ" ಅಂತ ಕೇಳಿ ನೋಡಿ, ಅರ್ಧ ಗಂಟೆ ಮಾತಾಡ್ತಾರೆ. ಒಂದು ನಿರ್ದಿಷ್ಟ ಏರು, ಆ ಏರಿನ ಒಂದು ನಿರ್ದಿಷ್ಟ ಜಾಗ, ಅವತ್ತಿನ ಟೈರ್ ಗಾಳಿ, ಅವತ್ತು ಮಳೆ ಬಂದಿತ್ತಾ ಇಲ್ವಾ, ಇಷ್ಟು ಹಿಡ್ಕೊಂಡು ಕೇಳ್ಬೇಕು. ಹಿಡಿತಕ್ಕೆ ಅಂತ ಏರಿಗೆ ಮುಂಚೆ ಟೈರ್ ಗಾಳಿ ಇಳಿಸಿರ್ತಾರೆ, ಹತ್ತಿ ಮುಗಿಸಿ ಮೇಲೆ ನಿಂತು ಮತ್ತೆ ತುಂಬಿಸ್ಕೊಳ್ತಾ ಇರ್ತಾರಲ್ಲ, ಆ ಹತ್ತು ನಿಮಿಷ ಬಹಳ ಒಳ್ಳೇ ಹೊತ್ತು, ಆಗಷ್ಟೇ ಆಗಿದ್ದು ಕಾಲಲ್ಲಿ ಇನ್ನೂ ಇರುತ್ತೆ. ಊಟದ ಹೊತ್ತಿಗೆ ಕೇಳಿದ್ರೆ ಬರೀ ಕಥೆ ಸಿಗುತ್ತೆ, ಕಥೆಯಲ್ಲಿ ಏರು ಇನ್ನೂ ಕಡಿದಾಗಿರುತ್ತೆ.

ಮೊದಲ ವರ್ಷ ಕಾರು ತಗೊಂಡು ಹೋಗ್ಲೇಬೇಡಿ ಅಂತ ನಾನು ಹೇಳ್ತೀನಿ. ಮಾರ್ಷಲ್ ಆಗಿ ಹೋಗಿ, ಅಂದ್ರೆ ಏರಿನ ಪಕ್ಕ ನಿಂತು ಈವೆಂಟ್ ನಡೆಸಿಕೊಡೋ ಸ್ವಯಂಸೇವಕರಾಗಿ. ಕ್ಲಬ್‌ಗಳಿಗೆ ಮಾರ್ಷಲ್ ಸಾಲದೇ ಇರೋದು ಯಾವಾಗ್ಲೂ ಇದ್ದಿದ್ದೇ, ಬರ್ತೀನಿ ಅಂದ್ರೆ ಖುಷಿಯಿಂದ ಕರೀತಾರೆ. ಒಂದೇ ಏರಿನ ಒಂದೇ ತಿರುವಿನಲ್ಲಿ ಬೆಳಗ್ಗಿಂದ ನಿಂತ್ಕೊಂಡು ಒಂದಾದ ಮೇಲೆ ಒಂದು ಕಾರು ಬರೋದನ್ನ ನೋಡಿದ್ರೆ ಡ್ರೈವರ್ ಸೀಟಿನಲ್ಲಿ ಕೂತವನಿಗೆ ಎಷ್ಟೋ ವರ್ಷಕ್ಕೆ ಸಿಗೋದು ನಿಮಗೆ ಒಂದು ದಿನಕ್ಕೆ ಸಿಗುತ್ತೆ. ಕಣ್ಣಿಗಿಂತ ಕಿವಿ ಮುಖ್ಯ. ಹೊಸಬರ ಇಂಜಿನ್ ಕೆಳಗಿಂದಲೇ ಕಿರುಚುತ್ತೆ, ಚಕ್ರ ಜಾರಿದ ತಕ್ಷಣ ಇನ್ನೂ ಜೋರಾಗಿ ಕಿರುಚುತ್ತೆ, ಕಾರು ಅಲ್ಲೇ ನಿಂತು ಗುಂಡಿ ತೋಡುತ್ತೆ. ಪಳಗಿದವರ ಇಂಜಿನ್ ಸದ್ದು ಜಾರಿದ ಕ್ಷಣಕ್ಕೆ ಇಳಿಯುತ್ತೆ, ಟೈರ್ ಮತ್ತೆ ನೆಲ ಕಚ್ಚಿದ ಮೇಲೆ ಮೆಲ್ಲಗೆ ಏರುತ್ತೆ. ಜಾರಿದಾಗ ಕಾಲು ಬಿಡೋದು, ಇದು ಮನಸ್ಸಿಗೆ ಪೂರಾ ವಿರುದ್ಧ, ಎಲ್ಲಿ ನಿಂತೋಗ್ತೀನೋ ಅನ್ನೋ ಭಯಕ್ಕೆ ಕಾಲು ತಾನಾಗೇ ಒತ್ತುತ್ತೆ, ಇದನ್ನ ದಿನವಿಡೀ ಕಿವಿಯಲ್ಲಿ ಕೇಳಿಸ್ಕೊಂಡವರಿಗೆ ಕಾಲು ಬೇಗ ಮಾತು ಕೇಳುತ್ತೆ.

ಇದರ ಕಾರಣನೂ ತಿಳ್ಕೊಳ್ಳಿ. ಈ ಆಟದಲ್ಲಿ ಫೋರ್ ವೀಲ್ ಡ್ರೈವ್ ಇಲ್ಲ, ಡಿಫರೆನ್ಷಿಯಲ್, ಅಂದ್ರೆ ಇಂಜಿನ್ ಬಲವನ್ನ ಎರಡು ಚಕ್ರಕ್ಕೆ ಹಂಚೋ ಗೇರು, ಅದನ್ನ ಲಾಕ್ ಮಾಡೋ ಹಾಗಿಲ್ಲ. ಮಾಮೂಲಿ ಡಿಫರೆನ್ಷಿಯಲ್ ಅಂದ್ರೆ ಒಂದು ಚಕ್ರಕ್ಕೆ ಹಿಡಿತ ಹೋದ್ರೆ ಇನ್ನೊಂದು ಚಕ್ರಕ್ಕೂ ಅಷ್ಟೇ ಕಮ್ಮಿ ಬಲ ಹೋಗೋದು, ಎಷ್ಟು ಆಕ್ಸಿಲರೇಟರ್ ಒತ್ತಿದ್ರೂ ಜಾರೋ ಚಕ್ರ ಸುಮ್ನೆ ತಿರುಗುತ್ತೆ, ಗಟ್ಟಿ ನೆಲದ ಮೇಲಿರೋದು ಸುಮ್ನೆ ಕೂತಿರುತ್ತೆ. ಆದ್ದರಿಂದ ಪವರ್ ಜಾಸ್ತಿ ಇದ್ರೆ ಹತ್ತುತ್ತೆ ಅನ್ನೋದು ಇಲ್ಲಿ ನಡೆಯಲ್ಲ.

ಏರನ್ನ ಓದೋದು ಇನ್ನೊಂದು ದೊಡ್ಡ ವಿಷಯ. ಅನುಭವಿಗಳ ಜೊತೆ ಸಾಧ್ಯವಾದ ಕಡೆ ನಡೆದು ನೋಡಿ, ಅವರು ಟೈರ್ ಗುರುತು ನೋಡ್ತಾ ಹೋಗ್ತಾರೆ. ಗುರುತು ಹೊಳೀತಾ ಇದ್ರೆ ಅಲ್ಲಿ ಎಲ್ಲರೂ ಚಕ್ರ ತಿರುಗಿಸಿದ್ದಾರೆ ಅಂತ, ಅಚ್ಚು ಸ್ಪಷ್ಟವಾಗಿ ಮೂಡಿದ್ರೆ ಅಲ್ಲಿ ಹಿಡಿತ ಇದೆ ಅಂತ. ಒಣಗಿದ ಎಲೆ ರಾಶಿ ಇರೋ ಏರಿಗೆ ಮೊದಲ ಕೆಲವು ಕಾರು ಒದ್ದಾಡ್ತವೆ, ಎಲೆ ಸರಿದು ಕೆಳಗಿನ ಕಲ್ಲು ಬಂದ ಮೇಲೆ ಹಿಂದಿನವರಿಗೆ ಸುಲಭ. ಮಣ್ಣಿನ ಏರಿಗೆ ಮಳೆ ಹನಿ ಬಿತ್ತು ಅಂದ್ರೆ ಉಲ್ಟಾ, ಹಿಂದೆ ಬರೋರಿಗೆ ಬೆಣ್ಣೆ. ಅದಕ್ಕೆ "ನಿಮ್ಮ ನಂಬರ್ ಎಷ್ಟು, ಎಷ್ಟು ಹೊತ್ತಿಗೆ ಹತ್ತಿದ್ರಿ" ಅಂತ ಕೇಳದೇ ಯಾರದ್ದೂ ಲೈನ್ ಅಂದ್ರೆ ಅವರು ಹತ್ತಿದ ಜಾಡು ಕಾಪಿ ಮಾಡ್ಬೇಡಿ, ಬೆಳಗ್ಗೆ ಹತ್ತಿದವರ ಲೈನು ಮಧ್ಯಾಹ್ನಕ್ಕೆ ಇರಲ್ಲ.

ನಿಮಗೆ ಒತ್ತಿ ಹೇಳ್ಬೇಕಾಗಿರೋದು ಇನ್ನೊಂದಿದೆ. ಯಾರ ಮಾತು ಕೇಳಿದ್ರೂ ಅವರ ಕಾರು ಯಾವುದು ಅಂತ ಮೊದ್ಲು ನೋಡಿ. ಅಲ್ಲಿ ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ಗಳು ಯಾಕೆ ಅಷ್ಟು ಜಾಸ್ತಿ ಅಂದ್ರೆ ಇಂಜಿನ್ ಹಿಂದೆ, ಡ್ರೈವ್ ಹಿಂದೆ, ಏರಿನಲ್ಲಿ ತೂಕ ಎಲ್ಲಾ ಹಿಂದಕ್ಕೆ ಬಂದು ಓಡಿಸೋ ಚಕ್ರದ ಮೇಲೇ ಕೂರುತ್ತೆ. ನಿಮ್ಮದು ಫ್ರಂಟ್ ವೀಲ್ ಡ್ರೈವ್, ಏರು ಕಡಿದಾದಷ್ಟೂ ಓಡಿಸೋ ಚಕ್ರ ಹಗುರ ಆಗುತ್ತೆ. ಬೀಟಲ್‌ನವರು "ನಿಧಾನಕ್ಕೆ ಟಿಕ್ ಟಿಕ್ ಅಂತ ಹತ್ತಿಸು" ಅಂದ್ರೆ ಅದು ಅವರಿಗೆ ಸತ್ಯ, ನೀವು ಹಾಗೆ ಮಾಡಿದ್ರೆ ಮೊದಲ ಬಂಡೆಗೇ ನಿಲ್ತೀರಾ, ನಿಮಗೆ ಕೆಳಗೆ ನೆಲ ಚೆನ್ನಾಗಿರೋ ಕಡೆಯೇ ಸ್ವಲ್ಪ ವೇಗ ಕೂಡಿಸ್ಕೊಂಡು ಬರೋದು ಬೇಕಾಗುತ್ತೆ. ಎಂಸಿಸಿಯಲ್ಲಿ ಫ್ರಂಟ್ ವೀಲ್ ಡ್ರೈವ್‌ಗೆ ಬೇರೆ ಕ್ಲಾಸೇ ಇದೆ, ಆ ಕ್ಲಾಸಿನಲ್ಲಿ ಚಿನ್ನ ತಗೊಂಡವರು ಯಾರು ಅಂತ ರಿಸಲ್ಟ್ ಶೀಟಲ್ಲಿ ನೋಡಿ ಅವರನ್ನ ಹುಡ್ಕೊಂಡು ಹೋಗಿ. ಅವರ ಒಂದು ಮಾತು ಬೀಟಲ್‌ನವರ ಹತ್ತು ಮಾತಿಗೆ ಸಮ, ನಿಮ್ಮ ಮಟ್ಟಿಗೆ. ಶುರು ಮಾಡೋರಿಗೆ ಅಂತಲೇ ಕಷ್ಟದ ಏರುಗಳನ್ನ ಬಿಟ್ಟಿರೋ ಕ್ಲಾಸ್ ಓ ಅಂತ ಒಂದಿದೆ, ಸಿಮ್ಸ್ ಕನಸು ಇಟ್ಕೊಂಡು ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ನನ್ನ ಯಜಮಾನರಿಗೆ ಈ ಟ್ರಯಲ್ ಹುಚ್ಚು. ಪಕ್ಕದ ಸೀಟಲ್ಲಿ ಒಬ್ಬರು ಇರ್ಲೇಬೇಕಂತೆ, ಅದು ನಾನೇ ಅಂತೆ. ನನಗೆ ಡ್ರೈವಿಂಗೂ ಅಷ್ಟಕ್ಕಷ್ಟೆ. ಸುಮ್ನೆ ಕೂತಿದ್ರೆ ಸಾಕಾ? — ರೆಡಿಂಗ್‌ನಿಂದ ಒಬ್ಬ ಓದುಗರು

ಉತ್ತರ: ಮೇಡಂ, ಸುಮ್ನೆ ಕೂರೋದಲ್ಲ, ಅರ್ಧ ಕೆಲಸ ನಿಮ್ಮದೇ. ಅಲ್ಲಿ ಪಕ್ಕದವರನ್ನ ಬೌನ್ಸರ್ ಅಂತಲೇ ಕರೀತಾರೆ. ಟೈರ್ ಹಿಡಿತ ಬಿಡೋ ಹೊತ್ತಿಗೆ ಸೀಟಲ್ಲಿ ಮೇಲೆ ಕೆಳಗೆ ಜೋರಾಗಿ ಕುಣಿದ್ರೆ ಕಾರಿನ ಭಾರ ಒಂದೊಂದು ಕ್ಷಣಕ್ಕೆ ಟೈರನ್ನ ನೆಲಕ್ಕೆ ಒತ್ತುತ್ತೆ, ಅಷ್ಟರಲ್ಲಿ ಕಾರು ಒಂದೊಂದು ಅಡಿ ಮುಂದಕ್ಕೆ ಹೋಗುತ್ತೆ. ನೋಡೋರಿಗೆ ತಮಾಷೆ ಅನ್ಸುತ್ತೆ ಆದ್ರೆ ಇದು ಕೆಲಸ ಮಾಡೋದನ್ನ ಯಾವ ಏರಿನ ಪಕ್ಕ ನಿಂತ್ರೂ ನೋಡ್ಬಹುದು. ಕೆಳಗಿಂದಲೇ ಕುಣಿಯೋಕೆ ಶುರು ಮಾಡ್ಬೇಡಿ, ಹಿಡಿತ ಇರೋ ಕಡೆ ಕುಣಿದ್ರೆ ಇರೋ ಹಿಡಿತನೂ ಹೋಗ್ಬಹುದು, ಯಜಮಾನರ ಕೈ ಕಾಲೂ ಅಲ್ಲಾಡುತ್ತೆ. ಇಂಜಿನ್ ಸದ್ದು ಏರಿ ಕಾರಿನ ವೇಗ ಇಳೀತು ಅಂದ್ರೆ, ಆಗ.

ರೀಸ್ಟಾರ್ಟ್ ಅಂತ ಒಂದು ಇರುತ್ತೆ, ಏರಿನ ಮಧ್ಯದಲ್ಲೇ ಗುರುತು ಹಾಕಿದ ಜಾಗದಲ್ಲಿ ಕಾರು ಪೂರ್ತಿ ನಿಲ್ಲಿಸಿ ಮಾರ್ಷಲ್ ಬಾವುಟ ತೋರಿಸಿದ ಮೇಲೆ ಮತ್ತೆ ಹೊರಡ್ಬೇಕು, ಹಿಂದೆ ಜಾರಿದ್ರೆ ಆ ಏರು ಹೋಯ್ತು. ಎಲ್ಲಿ ನಿಲ್ಲಿಸೋದು ಅನ್ನೋದೇ ಅರ್ಧ ಗೆಲುವು. ಆ ಗುರುತಿನೊಳಗೇ ಒಂದು ಕಲ್ಲು, ಒಂದು ಒಣ ತುಂಡು ಇರುತ್ತೆ, ಓಡಿಸೋ ಚಕ್ರ ಅದರ ಮೇಲೆ ಬರೋ ಹಾಗೆ ನಿಮ್ಮ ಕಡೆ ಕಿಟಕಿಯಿಂದ ನೋಡಿ ಹೇಳ್ಬೇಕಾದವರು ನೀವು. ಇದನ್ನ ಮನೆಯಲ್ಲಿ ಕೂತು ಕಲಿಯೋಕಾಗಲ್ಲ, ಅನುಭವ ಇರೋ ಇನ್ನೊಬ್ಬ ಪ್ಯಾಸೆಂಜರ್ ಹತ್ರ ಹೋಗಿ, ಡ್ರೈವರ್ ಹತ್ರ ಅಲ್ಲ. ಡ್ರೈವರ್‌ಗಳಿಗೆ ಪಕ್ಕದವರು ಏನು ಮಾಡ್ತಾರೆ ಅನ್ನೋದೇ ಸರಿಯಾಗಿ ಗೊತ್ತಿರಲ್ಲ, ಅವರ ಕಣ್ಣು ರಸ್ತೆ ಮೇಲಿರುತ್ತೆ. ಎಷ್ಟೋ ಜೋಡಿಗಳು ವರ್ಷಗಟ್ಟಲೆ ಒಟ್ಟಿಗೆ ಓಡಿಸ್ತಿರ್ತಾರೆ, ಅಂಥ ಹೆಂಗಸರು ಸಿಕ್ರೆ ಬಿಡ್ಬೇಡಿ.

ಇದರ ಜೊತೆಗೆ ದಾರಿ ಪುಸ್ತಕ ಓದೋದು, ಯಾವ ಏರಿಗೆ ಯಾವ ಕ್ಲಾಸಿಗೆ ಟೈರ್ ಗಾಳಿ ಎಷ್ಟಕ್ಕಿಂತ ಕಮ್ಮಿ ಇರ್ಬಾರದು ಅಂತ ಬರ್ಕೊಂಡು ಇಟ್ಕೊಳ್ಳೋದು, ಮೇಲೆ ಹೋದ ಮೇಲೆ ಗಾಳಿ ತುಂಬಿಸೋದನ್ನ ನೆನಪಿಸೋದು ಎಲ್ಲಾ ನಿಮ್ಮದೇ. ಗಾಳಿ ಕಮ್ಮಿ ಇರೋ ಟೈರಲ್ಲಿ ಟಾರ್ ರಸ್ತೆ ಮೇಲೆ ವೇಗವಾಗಿ ಹೋಗೋದು ಅಪಾಯ, ಇದನ್ನ ಮರೆತರೆ ಏರಿಗಿಂತ ದೊಡ್ಡ ತೊಂದ್ರೆ. ಲ್ಯಾಂಡ್ಸ್ ಎಂಡ್ ಟ್ರಯಲ್ ಗುಡ್ ಫ್ರೈಡೇ ಸಂಜೆ ಶುರುವಾಗಿ ರಾತ್ರಿ ಪೂರ್ತಿ ಓಡಿಸಿ ಶನಿವಾರ ಕಾರ್ನ್‌ವಾಲ್‌ನಲ್ಲಿ ಮುಗಿಯುತ್ತೆ, ಬೆಳಗಿನ ಜಾವ ಡ್ರೈವರ್ ಕಣ್ಣು ಎಳೆಯೋಕೆ ಶುರುವಾದ್ರೆ ಮಾತಾಡಿಸ್ತಾ ಇರೋದೂ ನೀವೇ. ಚಿತ್ರಾನ್ನ ಕಟ್ಕೊಂಡು ಹೋಗಿ, ಅಲ್ಲಿ ಮಧ್ಯರಾತ್ರಿ ಸಿಗೋ ತಿಂಡಿ ನಂಬ್ಕೊಂಡ್ರೆ ಕಷ್ಟ.

ಪ್ರಶ್ನೆ: ಡಾರ್ಬಿ ಹತ್ರ ಒಂದು ಸಣ್ಣ ಕ್ಲಬ್ ಈವೆಂಟಲ್ಲಿ ಏರಿನ ಮಧ್ಯ ನಿಂತುಬಿಟ್ಟೆ. ಬ್ರೇಕ್ ಒತ್ತಿ ಹಿಡಿದ್ರೂ ಕಾರು ಹಿಂದಕ್ಕೆ ಜಾರಿ ಅಡ್ಡ ತಿರುಗೋಕೆ ಹೋಯ್ತು, ಬ್ರೇಕ್ ಚೆನ್ನಾಗೇ ಇದೆ. ಏನಾಯ್ತು?

ಉತ್ತರ: ಹತ್ತೋದಕ್ಕಿಂತ ಮುಂಚೆ ಇಳಿಯೋದು ಕಲೀಬೇಕು, ಈ ಪ್ರಶ್ನೆಯನ್ನ ಪ್ರತಿ ಹೊಸಬರೂ ಕೇಳ್ಬೇಕು ಅಂತ ನನ್ನಾಸೆ.

ನಿಮ್ಮ ಕಾರಿನ ಬ್ರೇಕ್ ಮಾಮೂಲಿ ರಸ್ತೆಗೆ ಮಾಡಿರೋದು. ಮುಂದಕ್ಕೆ ಹೋಗ್ತಾ ಬ್ರೇಕ್ ಹಾಕಿದ್ರೆ ತೂಕ ಮುಂದಕ್ಕೆ ಬರುತ್ತೆ, ಅದಕ್ಕೆ ಮುಂದಿನ ಚಕ್ರದ ಬ್ರೇಕ್ ಜೋರು, ಹಿಂದಿಂದು ಕಮ್ಮಿ. ಕಡಿದಾದ ಏರಲ್ಲಿ ಮೂತಿ ಮೇಲೆ ಮಾಡಿ ನಿಂತಾಗ ಎಲ್ಲಾ ಉಲ್ಟಾ: ತೂಕ ಹಿಂದೆ, ಮುಂದಿನ ಚಕ್ರ ಹಗುರ, ಆದ್ರೆ ಬ್ರೇಕ್ ಹಿಡಿಯೋದು ಮುಂದಿನ ಚಕ್ರಕ್ಕೇ ಜಾಸ್ತಿ. ಹಗುರ ಚಕ್ರ ಲಾಕ್ ಆಗಿ ಕೆಸರಲ್ಲಿ ಜಾರುತ್ತೆ, ಲಾಕ್ ಆದ ಮುಂದಿನ ಚಕ್ರ ಸ್ಟಿಯರಿಂಗ್ ಮಾತು ಕೇಳಲ್ಲ, ಮೂತಿ ಒಂದು ಕಡೆಗೆ ಸರಿಯುತ್ತೆ, ಕಾರು ಅಡ್ಡ ಆಗುತ್ತೆ. ಅಡ್ಡ ಆದ ಕಾರು ಉರುಳೋಕೆ ಹತ್ರ. ನಿಮಗಾಗಿದ್ದು ಇದೇ.

ಹಳಬರು ಏನು ಮಾಡ್ತಾರೆ ನೋಡಿ. ಇನ್ನು ಹೋಗಲ್ಲ ಅಂತ ಗೊತ್ತಾದ ಕೂಡಲೇ, ಪೂರ್ತಿ ನಿಲ್ಲೋಕೆ ಮುಂಚೆಯೇ ಮನಸ್ಸಲ್ಲಿ ಸೋಲು ಒಪ್ಕೊಂಡು, ಕಾಲ್‌ಬ್ರೇಕಿನ ಜೊತೆ ಹ್ಯಾಂಡ್‌ಬ್ರೇಕೂ ಎಳೆದು ಹಿಡೀತಾರೆ, ಹ್ಯಾಂಡ್‌ಬ್ರೇಕ್ ಹೆಚ್ಚಿನ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ, ಅಲ್ಲಿ ತೂಕ ಇದೆ. ಸ್ಟಿಯರಿಂಗ್ ನೇರ ಮಾಡ್ತಾರೆ. ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಇಂಜಿನ್ ಹಿಡಿತದಲ್ಲೇ ಇಳೀತಾರೆ. ಕ್ಲಚ್ ಒತ್ತಿ ಉರುಳಿಸ್ಕೊಂಡು ಬರೋದು ಅಂತೂ ಬೇಡವೇ ಬೇಡ, ಒಮ್ಮೆ ವೇಗ ಬಂದ್ರೆ ಮತ್ತೆ ಹಿಡಿಯೋಕಾಗಲ್ಲ. ಇಳಿಯೋದಕ್ಕೆ ಮುಂಚೆ ಮಾರ್ಷಲ್ ಕಡೆ ನೋಡಿ, ಕೆಳಗೆ ಜನ ಇರ್ಬಹುದು, ಮಾರ್ಷಲ್ ಬನ್ನಿ ಅಂತ ಕೈ ಮಾಡಿದ ಮೇಲೇ ಹೊರಡಿ. ಎಷ್ಟೋ ಕಡೆ ಹಗ್ಗ ಹಾಕಿ ಮೇಲಕ್ಕೆ ಎಳೆಯೋ ವ್ಯವಸ್ಥೆ ಇರುತ್ತೆ, ಅದಕ್ಕೆ ಕಾಯೋದ್ರಲ್ಲಿ ಅವಮಾನ ಏನಿಲ್ಲ.

ನಿಮ್ಮ ಕ್ಲಬ್‌ನಲ್ಲಿ ಹಿರಿಯರೊಬ್ಬರನ್ನ ಕರ್ಕೊಂಡು, ಜಮೀನಿನವರ ಅನುಮತಿ ಇರೋ ಒಂದು ಹುಲ್ಲಿನ ಸಣ್ಣ ಇಳಿಜಾರಲ್ಲಿ ಬೇಕು ಅಂತಲೇ ಮಧ್ಯ ನಿಲ್ಲಿಸಿ ಹಿಂದಕ್ಕೆ ಇಳಿಯೋದನ್ನ ಮತ್ತೆ ಮತ್ತೆ ಮಾಡಿ. ಇದನ್ನ ಯಾರೂ ತಾವಾಗಿ ಹೇಳಿಕೊಡಲ್ಲ ಯಾಕಂದ್ರೆ ಅವರಿಗೆ ಇದು ಉಸಿರಾಟದ ಹಾಗೆ ಆಗಿಹೋಗಿರುತ್ತೆ, ಕೇಳಿದ್ರೆ ಮಾತ್ರ ಖಂಡಿತ ತೋರಿಸ್ತಾರೆ.

ಪ್ರಶ್ನೆ: ಸಕಲೇಶಪುರದಿಂದ ಬರೀತಿದೀನಿ, ನಮ್ಮ ಕಾಫಿ ತೋಟದಲ್ಲಿ ಹಳೇ ಮಹೀಂದ್ರಾ ಜೀಪ್ ಇದೆ. ಫೋರ್ ವೀಲ್ ಇಲ್ದೆ ಏರು ಹತ್ತಿಸೋ ಆಟ ನಮಗೆ ಯಾಕೆ ಬೇಕು ಸ್ವಾಮಿ, ನಮ್ಮ ಆಫ್‌ರೋಡಿಂಗ್‌ಗೂ ಅದಕ್ಕೂ ಏನು ಸಂಬಂಧ?

ಉತ್ತರ: ಆಟ ಬೇರೆ, ಒಪ್ಪಿದೆ. ನಿಮ್ಮ ಜೀಪಿಗೆ ಲೋ ರೇಂಜ್ ಗೇರು, ನಾಲ್ಕು ಚಕ್ರಕ್ಕೂ ಡ್ರೈವ್, ಅಲ್ಲಿನವರು ಬೇಕು ಅಂತಲೇ ಅದೆಲ್ಲ ಬಿಟ್ಟು ಎರಡು ಚಕ್ರದಲ್ಲಿ ಹತ್ತಿಸ್ತಾರೆ. ಆದ್ರೆ ಕಲಿಯೋ ರೀತಿ ಒಂದೇ, ಗುರುಗಳಂತೂ ನಿಮ್ಮ ಸುತ್ತಲೇ ಇದಾರೆ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನ ಕರ್ಕೊಂಡು ಹೋಗೋ ಜೀಪ್ ಡ್ರೈವರ್‌ಗಳ ಪಕ್ಕದಲ್ಲಿ ಕೂತು ಅವರ ಕಾಲು ನೋಡಿ, ಎಲ್ಲಿ ಗೇರ್ ಹಾಕ್ತಾರೆ, ಎಲ್ಲಿ ಬಿಡ್ತಾರೆ ಅಂತ ನೋಡಿ. ಮಳೆಗಾಲದಲ್ಲಿ ಆಳುಗಳನ್ನ ಕೂರಿಸ್ಕೊಂಡು ತೋಟದ ಕೆಂಪು ಮಣ್ಣಿನ ದಾರಿ ಹತ್ತಿಸೋ ನಿಮ್ಮ ತೋಟದ ಡ್ರೈವರಣ್ಣನಿಗಿಂತ ದೊಡ್ಡ ಪಾಠ ಯಾವ ವಿಡಿಯೋದಲ್ಲೂ ಇಲ್ಲ. ದಿನಾ ಅದೇ ಕೆಲಸ ಮಾಡೋರಿಗೆ ಗಾಡಿ ಮುರಿಯೋಕೆ ಇಷ್ಟ ಇರಲ್ಲ, ಅದಕ್ಕೇ ಅವರು ಮೆತ್ತಗೆ ಓಡಿಸ್ತಾರೆ, ವಾರಾಂತ್ಯಕ್ಕೆ ಬರೋರು ಅದನ್ನ ನೋಡಿ ಕಲೀಬೇಕು. ಅಂಥವರನ್ನ ಡ್ರೈವರ್ ಅಂತ ದೂರ ಕೂರಿಸಿ ಊಟ ಹಾಕೋದು ಬಿಟ್ಟು ಪಕ್ಕ ಕೂರಿಸ್ಕೊಂಡು ಕೇಳಿ ಅನ್ನೋದು ನನ್ನ ಕಳಕಳಿ.

ಒಂದು ಸಲ ಫೋರ್ ವೀಲ್ ಹಾಕದೇ ಟೂ ವೀಲ್‌ನಲ್ಲೇ ತೋಟದ ಸಣ್ಣ ಏರು ಪ್ರಯತ್ನಿಸಿ, ಹೋಗದಿದ್ರೆ ನಿಂತು ಆಮೇಲೆ ಫೋರ್ ವೀಲ್ ಹಾಕಿ. ಎಲ್ಲಿ ಹಿಡಿತ ಮುಗೀತು ಅನ್ನೋದು ಕಾಲಿಗೆ ಗೊತ್ತಾಗೋದು ಹಾಗೆ. ಸ್ವಂತ ತೋಟ, ಇಲ್ಲಾ ಯಜಮಾನರ ಒಪ್ಪಿಗೆ ಇರೋ ಜಾಗ ಮಾತ್ರ. ಕಾಡಿನೊಳಗೆ, ಶೋಲಾ ಹುಲ್ಲುಗಾವಲಿನ ಮೇಲೆ ಗಾಡಿ ನುಗ್ಗಿಸೋದು ತಪ್ಪು, ಆ ಹುಲ್ಲಿನ ಬೇರು ಒಮ್ಮೆ ಕಿತ್ತರೆ ಮಳೆಗೆ ಮಣ್ಣೇ ಕೊಚ್ಚಿಹೋಗುತ್ತೆ.

ಪ್ರಶ್ನೆ: ಲೈಸೆನ್ಸ್, ಇನ್ಶೂರೆನ್ಸ್ ಏನೇನು ಬೇಕು? — ಸ್ವಿಂಡನ್

ಉತ್ತರ: ಅಲ್ಲಿನ ಮೋಟಾರ್ ಕ್ರೀಡೆ ನೋಡ್ಕೊಳ್ಳೋ ಸಂಸ್ಥೆ ಮೋಟಾರ್‌ಸ್ಪೋರ್ಟ್ ಯುಕೆ ಕೊಡೋ ಆರ್‌ಎಸ್ ಕ್ಲಬ್‌ಮನ್ ಲೈಸೆನ್ಸ್ ಉಚಿತ, ಆನ್‌ಲೈನಲ್ಲೇ ಅರ್ಜಿ ಹಾಕ್ಬಹುದು, ಜೊತೆಗೆ ಈವೆಂಟ್ ನಡೆಸೋ ಕ್ಲಬ್‌ನ ಅಥವಾ ಅವರು ಒಪ್ಪೋ ಕ್ಲಬ್‌ನ ಸದಸ್ಯತ್ವ. ಕಾರು ರಸ್ತೆಗೆ ಕಾನೂನು ಪ್ರಕಾರ ಸರಿ ಇರ್ಬೇಕು, ಎಂಒಟಿ ಅಂದ್ರೆ ಅಲ್ಲಿನ ವಾರ್ಷಿಕ ಗಾಡಿ ತಪಾಸಣೆ, ಟ್ಯಾಕ್ಸ್ ಎಲ್ಲಾ. ಇನ್ಶೂರೆನ್ಸ್ ವಿಷಯದಲ್ಲಿ ಎಚ್ಚರ, ಮಾಮೂಲಿ ಪಾಲಿಸಿಗಳಲ್ಲಿ ಹೆಚ್ಚಿನವು ಸ್ಪರ್ಧೆಯನ್ನ ಹೊರಗಿಡ್ತವೆ, ಏರುಗಳ ನಡುವಿನ ಸಾರ್ವಜನಿಕ ರಸ್ತೆಗೂ ನಿಮ್ಮ ಪಾಲಿಸಿ ನಡೆಯುತ್ತಾ ಅಂತ ಕಂಪನಿಯವರನ್ನ ಬರಹದಲ್ಲೇ ಕೇಳಿ, ನಡೆಯಲ್ಲ ಅಂದ್ರೆ ಈವೆಂಟಿನ ಅರ್ಜಿ ಹಾಕುವಾಗಲೇ ಆಯೋಜಕರ ಹತ್ರ ಬೇರೆ ಕವರ್ ಇದೆಯಾ ಅಂತ ವಿಚಾರಿಸಿ.